ಗಂಜಿ ಹಚ್ಚಿದ ಕವಚ

ನಮ್ಮ ಬಳಗದಲ್ಲಿ ಇದುವರೆಗೆ ಯಾರೂ ಒಂದೂ ಕೆಟ್ಟ ಚಿತ್ರ ಬರೆದಿಲ್ಲ. ಇದು ನನ್ನ ಮಾತಲ್ಲ. ಬಳಗದ ವಾಟ್ಸಾಪ್ ಗುಂಪನ್ನು ತೆಗೆದು ಮೇಲಿನಿಂದ ಕೆಳಗಿನವರೆಗೆ ನೋಡಿದರೆ ನಿಮಗೇ ತಿಳಿಯುತ್ತದೆ. ಗದಗ, ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಹವ್ಯಾಸಿ ಕಲಾವಿದರೆಲ್ಲ ಸೇರಿ ಕಟ್ಟಿಕೊಂಡ ಗುಂಪು ಅದು. ಮುಂಜಾನೆ ಯಾರಾದರೂ ಒಂದು ಚಿತ್ರ ಹಾಕಿದರೆ ಕಪ್ಪಿನಲ್ಲಿದ್ದ ಚಹಾ ಆರುವುದರೊಳಗೆ ಚಪ್ಪಾಳೆಯ ಹಳದಿ ಕೈಗಳು ಸಾಲುಗಟ್ಟಿ ಬರುತ್ತವೆ. "ಅದ್ಭುತ ಸರ್", "ಸೂಪರ್ ಮೇಡಂ", "ನಿಮ್ಮ ಕೈಗೆ ಬಂಗಾರದ ಕಡಗ ತೊಡಿಸಬೇಕ್ರಿ". ಒಮ್ಮೆ ಮುಂಡರಗಿಯವರೊಬ್ಬರ ಫೋನು ಜೇಬಿನೊಳಗೇ ತಾನಾಗಿ ಒಂದು ಫೋಟೋ ತೆಗೆದು, ತಾನಾಗಿ ಗುಂಪಿಗೆ ಹಾಕಿಬಿಟ್ಟಿತು. ಫೋಟೋದ ತುಂಬ ಬರೀ ಕತ್ತಲೆ. ಅದಕ್ಕೂ ಹನ್ನೊಂದು ಚಪ್ಪಾಳೆ ಬಿದ್ದವು. "ಆಳವಾದ ಭಾವ" ಎಂದು ಒಬ್ಬರು ಬರೆದರು. ಜೇಬಿನ ಮಾಲೀಕರು ಸಂಜೆ ಅದನ್ನು ನೋಡಿ "ಧನ್ಯವಾದಗಳು" ಎಂದರು.

ಗುಂಪಿನ ಯಜಮಾನರು ಗದಗಿನಲ್ಲಿ ಝೆರಾಕ್ಸ್ ಅಂಗಡಿ ಇಟ್ಟವರು. ಜನರ ಫೋಟೋವನ್ನು ಕಂಪ್ಯೂಟರಿಗೆ ಕೊಟ್ಟು, ಅದು ಕುಂಚದಲ್ಲಿ ಬರೆದ ಹಾಗೆ ಮಾಡಿಕೊಟ್ಟಿದ್ದರ ಕೆಳಗೆ ತಮ್ಮ ಸಹಿ ಹಾಕುವುದು ಅವರ ಕಲೆ. ಗುಂಪು ಹುಟ್ಟಿದ ದಿನವೇ ಒಂದು ನಿಯಮ ಮಾಡಿದರು: ಇಲ್ಲಿ ಪ್ರೋತ್ಸಾಹ ಮಾತ್ರ, ಟೀಕೆಗೆ ಜಾಗವಿಲ್ಲ. ಈ ನಿಯಮದ ನೆರಳಲ್ಲಿ ಏನೇನು ಬೆಳೆಯಿತು ಅಂತೀರಿ! ಶಿರಹಟ್ಟಿಯ ಬ್ಯಾಂಕಿನವರೊಬ್ಬರು ಫೋನಿನಲ್ಲೇ ಆನಿಮೇಶನ್ ಮಾಡುತ್ತಾರೆ. ಹೋದ ಮೂರು ವರ್ಷಗಳಿಂದ ಮಾಡಿದ್ದು ಒಂದೇ ಹಣತೆ. ಜ್ಯೋತಿ ಎಡಕ್ಕೆ ವಾಲುತ್ತದೆ, ಬಲಕ್ಕೆ ವಾಲುತ್ತದೆ, ಮತ್ತೆ ಎಡಕ್ಕೆ. ಯುಗಾದಿಗೆ ಅದರ ಕೆಳಗೆ ಬೇವಿನ ಎಲೆ, ಸಂಕ್ರಾಂತಿಗೆ ಕಬ್ಬು, ಗಣರಾಜ್ಯ ದಿನಕ್ಕೆ ಮೂರು ಬಣ್ಣದ ಜ್ಯೋತಿ. ಲಕ್ಷ್ಮೇಶ್ವರದ ಔಷಧಿ ಅಂಗಡಿಯವರೊಬ್ಬರು ನೀರಿನ ಪೈಪು ಸೀಳಿ ರಾಜಮಹಾರಾಜರ ಕತ್ತಿ ಮಾಡುತ್ತಾರೆ. ಬೆಳ್ಳಿಯ ಬಣ್ಣದ ಅಡಿಯಲ್ಲಿ ಪೈಪು ಎಷ್ಟು ಇಂಚಿನದು ಎಂಬುದನ್ನು ಇನ್ನೂ ಓದಬಹುದು.

ಇವರನ್ನೆಲ್ಲ ನೋಡಿ ನಗಾಡುತ್ತಿರುವ ನಾನೂ ಅಲ್ಲಿಯವನೇ. ಹಗಲು ಕಚೇರಿಯಲ್ಲಿ ಗುಮಾಸ್ತಿಕೆ, ಸಂಜೆ ಮಗಳು ಬಿಟ್ಟುಕೊಟ್ಟ ಹಳೆಯ ಟ್ಯಾಬ್ಲೆಟ್ಟಿನ ಮೇಲೆ ಆನಿಮೇಶನ್. ದೀಪಾವಳಿಯಿಂದ ಶಿವರಾತ್ರಿಯವರೆಗೆ ಕುಳಿತು ಒಂದು ಕೋಳಿ ಮಾಡಿದ್ದೆ. ಅದು ಅಂಗಳದ ಈ ತುದಿಯಿಂದ ಆ ತುದಿಗೆ ನಡೆದುಹೋಗಿ, ನಿಂತು, ತಿರುಗಿ ನೋಡುತ್ತದೆ. ಅಷ್ಟೇ. ಅಷ್ಟಕ್ಕೆ ಬಂದ ಚಪ್ಪಾಳೆಗಳನ್ನು ನಾನು ಊಟ ಮಾಡುವಾಗ ಒಂದು ಸಲ, ಮಲಗುವಾಗ ಒಂದು ಸಲ ತೆಗೆದು ನೋಡುತ್ತಿದ್ದೆ. ಹೆಂಡತಿ "ಆ ಕೋಳಿ ಮೊಟ್ಟಿ ಹಾಕಿತೇನ್ರಿ?" ಎಂದು ಕೇಳಿದರೂ ನನಗೆ ನಾಚಿಕೆಯಾಗಲಿಲ್ಲ.

ನಾಚಿಕೆಯಾಗಬೇಕಿತ್ತು. ಯಾಕೆಂದರೆ ನಾನು ಬೆಳೆದ ಮನೆಯಲ್ಲಿ ಹೊಗಳಿಕೆ ಎಂಬ ಪದಾರ್ಥವೇ ಇರಲಿಲ್ಲ. ಬೆಟಗೇರಿಯಲ್ಲಿ ನಮ್ಮದು ಮಗ್ಗದ ಮನೆ. ಅಜ್ಜ ನೆಲದ ಕುಣಿಯಲ್ಲಿ ಕಾಲು ಇಳಿಬಿಟ್ಟು ಸೀರೆ ನೇಯುತ್ತಿದ್ದ. ನನಗೆ ಮಾತು ಕಲಿಸಿದವಳು ಅವನ ಹೆಂಡತಿ, ನಮ್ಮ ಆಯಿ. ಸೀರೆ ಮಗ್ಗದಿಂದ ಇಳಿದ ದಿನ ಆಯಿ ಅದನ್ನು ಮೊದಲು ಮಗುಚಿ ಡಬ್ಬು ಹಾಕುತ್ತಿದ್ದಳು. ಮುಂಬದಿಯ ದಡಿ, ಸೆರಗು, ಬಣ್ಣ ಏನನ್ನೂ ನೋಡುತ್ತಿರಲಿಲ್ಲ. ಬೆನ್ನಿನ ಮೇಲೆ ಅಂಗೈ ಆಡಿಸುತ್ತ ಹೋಗುವುದು, ನಡುನಡುವೆ ಬೆರಳು ನಿಲ್ಲಿಸುವುದು.

"ಇಲ್ಲೊಂದ್ ಎಳಿ ಹರದೈತಿ. ಇಲ್ಲೆ ಗಂಟ್ ಬಿಟ್ಟೀರಿ. ಇಲ್ಲೆ ದಡಿ ಅಳಾಕ ಹತ್ತೈತಿ, ನಿನ್ನೆ ಯಾರ ಮ್ಯಾಲ ಸಿಟ್ಟಾಗಿದ್ರಿ?"

ನಾನು ಒಮ್ಮೆ ಕೇಳಿದ್ದೆ, "ಆಯಿ, ಮುಂದಿನ ಬದಿ ಯಾಕ ನೋಡೂದಿಲ್ಲ?"

"ಮಾರಿ ಎಲ್ಲಾರ್ದೂ ಚಂದನ ಇರ್ತೈತಿ. ಬೆನ್ನ ನೋಡ್ಬೇಕಲೇ."

ಎಲ್ಲಿಯೂ ಬೆರಳು ನಿಲ್ಲದ ದಿನ ಆಯಿ ಹೇಳುತ್ತಿದ್ದುದು ಒಂದೇ ಮಾತು: "ಮಡಚಿಡ್ರಿ." ಅದಕ್ಕಿಂತ ದೊಡ್ಡ ಬಿರುದು ನಮ್ಮ ಮನೆಯಲ್ಲಿ ಯಾರಿಗೂ ಸಿಕ್ಕಿಲ್ಲ. ಅಂಥ ದಿನ ಅಜ್ಜ ಎರಡು ಎಲೆ ಹೆಚ್ಚಿಗೆ ಮಡಚಿ ಬಾಯಿಗೆ ಹಾಕಿಕೊಳ್ಳುತ್ತಿದ್ದ. ಇಂಥ ಮನೆಯ ಮೊಮ್ಮಗ ಹಳದಿ ಕೈಗಳನ್ನು ಎಣಿಸುತ್ತ ಕುಳಿತಿದ್ದ. ಆಯಿ ಇದ್ದಿದ್ದರೆ ಟ್ಯಾಬ್ಲೆಟ್ಟನ್ನೇ ಡಬ್ಬು ಹಾಕುತ್ತಿದ್ದಳು.

ಬಳಗದಲ್ಲಿ ಬೆಟಗೇರಿಯವಳೇ ಇನ್ನೊಬ್ಬಳಿದ್ದಳು. ನಮ್ಮ ಓಣಿಗೆ ಹತ್ತಿದ ಓಣಿಯವಳು, ನೇಕಾರರ ಮಗಳು, ಮನೆಯಲ್ಲಿ ಜಂಪರು ಹೊಲಿಯುತ್ತಾಳೆ. ನನ್ನನ್ನು ಕಾಕಾ ಎನ್ನುತ್ತಾಳೆ. ಅವಳ ಅಪ್ಪ ಮಗ್ಗ ತೆಗೆದುಹಾಕಿದಾಗ ನೇಯ್ಗೆಗೆ ವಿನ್ಯಾಸ ಕೊಡುವ ಜಕಾರ್ಡಿನ ತೂತಿನ ರಟ್ಟುಗಳು ಅಟ್ಟದ ಮೇಲೆ ಉಳಿದಿದ್ದವು. ದಡಿಯ ಹೂವು, ಬಳ್ಳಿ ಎಲ್ಲವೂ ಆ ತೂತುಗಳಲ್ಲೇ ಇರುತ್ತವೆ. ಮಗ್ಗವಿಲ್ಲದ ಮೇಲೆ ಅವು ಬರೀ ರಟ್ಟು. ಅಪ್ಪ ದಿನಾ ಮುಂಜಾನೆ ನಾಲ್ಕಾರನ್ನು ಮುರಿದು ನೀರೊಲೆಗೆ ಹಾಕುತ್ತಿದ್ದ. ಮಗಳು ಒಲೆಯ ಬಾಯಿಂದ ಅವನ್ನು ಕಸಿದುಕೊಂಡು, ಒಂದಕ್ಕೊಂದು ದಾರ ಪೋಣಿಸಿ, ಮೀನಿನ ಪೊರೆಯ ಹಾಗೆ ಜೋಡಿಸಿ, ಗಂಡಾಳು ತೊಡುವಂಥ ಒಂದು ಎದೆಗವಚ ಮಾಡಿದಳು. ಎರಡು ಭುಜಕ್ಕೆ ಎರಡು ರೆಕ್ಕೆ. ಮೇಲೆ ಹಿತ್ತಾಳೆಯ ಬಣ್ಣ. ತೂತುಗಳನ್ನು ಮುಚ್ಚಿರಲಿಲ್ಲ, ಬಿಸಿಲಿಗೆ ಹಿಡಿದರೆ ಒಳಗಿನಿಂದ ಬೆಳಕು ಚುಕ್ಕೆಚುಕ್ಕೆಯಾಗಿ ಬರುತ್ತಿತ್ತು. ನೀರಿನ ಪೈಪಿನ ಕತ್ತಿಗಳ ನಡುವೆ ಅಂಥದೊಂದು ವಸ್ತು ಬಂದರೂ ಗುಂಪು ಏನು ಮಾಡಿತು? ಜೇಬಿನ ಕತ್ತಲೆಗೆ ಹೊಡೆದಷ್ಟೇ ಚಪ್ಪಾಳೆ ಹೊಡೆಯಿತು.

ಆದರೆ ಆ ಕವಚದ ಫೋಟೋ ಯಾರ್ಯಾರದೋ ಕೈದಾಟಿ ಅಂತೂರ ಬೆಂತೂರಿನ ನಾಟಕದ ಮಾಸ್ತರನಿಗೆ ಮುಟ್ಟಿತು. ಅವನು ಆ ಊರಿನ ರೈತನೇ. ಊರವರನ್ನೇ ಸೇರಿಸಿ ವರ್ಷಕ್ಕೊಂದು ನಾಟಕ ಆಡಿಸುತ್ತಾನೆ. ರಾಜನ ಡ್ರೆಸ್ಸು, ಕಿರೀಟ, ಕವಚ ಎಲ್ಲ ಪಟ್ಟಣದ ಬಾಡಿಗೆ ಅಂಗಡಿಯಿಂದ ಬರುವುದು ರೂಢಿ. ಈ ಸಲ ಅವನು ಫೋನು ಮಾಡಿ ಅವಳಿಗೆ, "ತಂಗೀ, ಗಟ್ಟಿ ಇದ್ರ ನಮ್ಮ ರಾಜ ನಿನ್ನ ಕವಚಾನ ತೊಡ್ತಾನ. ತಾಲೀಮಿಗೆ ತಗೊಂಡ್ ಬಾ," ಎಂದಿದ್ದ.

ಅವಳಿಗೆ ಅದು ಎಷ್ಟು ದೊಡ್ಡದೆಂದು ನನಗೆ ತಿಳಿದದ್ದು ಬಳಗದ ರವಿವಾರದ ಕೂಟದಲ್ಲಿ. ಮುಹೂರ್ತವಿಲ್ಲದ ರವಿವಾರ ಗದಗಿನ ಒಂದು ಕಲ್ಯಾಣ ಮಂಟಪದ ಊಟದ ಹಾಲಿನಲ್ಲಿ ಕೂಟ. ಹಿಂದಿನ ದಿನದ ಸಾರಿನ ವಾಸನೆ ಇನ್ನೂ ಗೋಡೆಯಲ್ಲಿತ್ತು. ಎಲೆ ಹಾಸುವ ಮೇಜುಗಳ ಮೇಲೆ ಕಲೆ ಹಾಸಿದ್ದರು. ಅವಳು ಕವಚವನ್ನು ಚಾದರದಲ್ಲಿ ಸುತ್ತಿ ಸ್ಕೂಟಿಯ ಮುಂದೆ ನಿಲ್ಲಿಸಿಕೊಂಡು ತಂದಿದ್ದಳು.

"ಹದಿನೆಂಟ್ ವರ್ಷ ಆತ್ರಿ ಕಾಕಾ ಜಂಪರ ಹೊಲ್ಯಾಕ ಹತ್ತಿ," ಎಂದು ನನ್ನ ಪಕ್ಕ ಕುಳಿತು ಹೇಳಿದಳು. "ಹೊಲದಿದ್ದೆಲ್ಲಾ ಸೆರಗಿನ ಬುಡಕ ಮುಚ್ಚಿ ಹೋಗ್ತೈತಿ. ಒಂದ್ ಸಲ, ಒಂದ ಸಲ, ನನ್ನ ಕೈಲೆ ಆಗಿದ್ದು ಸ್ಟೇಜಿನ ಮ್ಯಾಲ ನಿಂದರಬೇಕು. ನಮ್ಮಪ್ಪ ಮುಂದಿನ ಸಾಲಿನ್ಯಾಗ ಕುಂತ್ ನೋಡ್ಬೇಕು. 'ಒಲಿಗೆ ಹಾಕೂ ರಟ್ಟು' ಅಂತಾನ್ರಿ ಇನ್ನೂ."

ಅಷ್ಟರಲ್ಲಿ ಪ್ರದರ್ಶನ ಸುರುವಾಯಿತು. ಗೋಡೆಯ ಮೇಲೆ ಶಿರಹಟ್ಟಿಯ ಹಣತೆ ಎಡಕ್ಕೆ, ಬಲಕ್ಕೆ ವಾಲಿತು. ಚಪ್ಪಾಳೆ. ಯಜಮಾನರು ಸಹಿ ಮಾಡಿದ ಭಾವಚಿತ್ರಗಳು ಬಂದವು. ಒಂದರಲ್ಲಿ ಪಾಪದ ಮನುಷ್ಯನಿಗೆ ಒಂದೇ ಕೈಯಲ್ಲಿ ಆರು ಬೆರಳು ಮೂಡಿದ್ದವು, ಅದಕ್ಕೂ ಚಪ್ಪಾಳೆ. ಆಮೇಲೆ ನನ್ನ ಕೋಳಿ. ಅದು ಗೋಡೆಯಷ್ಟು ದೊಡ್ಡದಾಗಿ ನಡೆದು, ನಿಂತು, ತಿರುಗಿ ನೋಡಿತು. ಎಲ್ಲರೂ ಕೈ ತಟ್ಟಿದರು. ತಟ್ಟಿ ಮುಗಿದ ಮೇಲೆ ಇವಳು ತನ್ನ ಜಾಗದಿಂದಲೇ ಹೇಳಿದಳು:

"ಕಾಕಾ, ನಿಮ್ಮ ಕೋಳಿ ನಡಿಯಾಕ ಹತ್ತಿಲ್ರಿ. ಜಾರಾಕ ಹತ್ತೈತಿ. ಕಾಲ ಊರಿದ ಮ್ಯಾಲೂ ನೆಲ ಮುಂದ ಹೊಂಟೈತಿ ನೋಡ್ರಿ."

ಯಜಮಾನರು ಎದ್ದು, "ಮೇಡಂ, ನಮ್ಮ ಬಳಗದಾಗ ಹಂಗ ಅನ್ನಂಗಿಲ್ರಿ. ಹಿರ್ಯಾರು ಕಷ್ಟಪಟ್ಟ ಮಾಡ್ಯಾರ. ಪ್ರೋತ್ಸಾಹ, ಪ್ರೋತ್ಸಾಹ!" ಎಂದು ಕೈ ಎತ್ತಿ ಇನ್ನೊಮ್ಮೆ ತಟ್ಟಿಸಿದರು. ಆ ಎರಡನೆಯ ಚಪ್ಪಾಳೆ, ಬಿದ್ದವನ ಮೈಮೇಲಿನ ಧೂಳು ಝಾಡಿಸಿದ ಹಾಗಿತ್ತು. ನನಗೆ ಮೈಯೆಲ್ಲ ಉರಿಯಿತು. ಕೋಳಿ ಜಾರುತ್ತದೆ ಎಂಬುದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಗೊತ್ತಿದ್ದುದನ್ನು ಇನ್ನೊಬ್ಬರು ಅಂದುಬಿಟ್ಟರಲ್ಲ ಎಂಬುದೇ ಉರಿ.

ಮುಂದೆ ಅವಳ ಸರದಿ. ಅವಳು ಚಾದರ ಬಿಚ್ಚಿ ಕವಚವನ್ನು ಮೇಜಿನ ಮೇಲೆ ನಿಲ್ಲಿಸಿದಳು. ಎಲ್ಲರೂ ಫೋನು ಹಿಡಿದು ಸುತ್ತ ನಿಂತರು.

"ಫೋಟೋ ಆಮ್ಯಾಲ ತಗೀರ್ರಿ. ಮೊದ್ಲ ತಪ್ಪಿದ್ರ ಹೇಳ್ರಿ. ಬರೂ ಐತವಾರ ಅಂತೂರ ಬೆಂತೂರಕ್ಕ ಒಯ್ಯೂದೈತಿ. ಅಲ್ಲೆ ಹೊಡದಾಟದ ಸೀನ್ ಐತಂತ. ತಡೀತೈತೇನ ಇದು?"

"ತಡ್ಯಾಕೇನ್ರಿ ಮೇಡಂ, ಸಿನಿಮಾದವ್ರು ಬಂದ್ ಒಯ್ತಾರ!" ಎಂದರು ಪೈಪಿನ ಕತ್ತಿಯವರು. "ಒಂದ್ ಹಣತಿ ಹಿಡ್ದು ಇದರ ಮುಂದ ನಿಂದರ್ರಿ, ಭಾಳ ಚಂದ ಕಾಣ್ತೈತಿ," ಎಂದರು ಹಣತೆಯವರು.

ಅವಳು ನನ್ನ ಕಡೆ ತಿರುಗಿದಳು. "ಕಾಕಾ, ನೀವ್ ಮಗ್ಗದ ಮನ್ಯಾವ್ರು. ನೀವರ ನೋಡಿ ಹೇಳ್ರಿ."

ನಾನು ಎದ್ದು ಹೋಗಿ ಕವಚದ ಅಂಚನ್ನು ಹಿಡಿದು ಸ್ವಲ್ಪ ಒಳಗೆ ಇಣುಕಿದೆ. ಹುಳಿ ಗಂಜಿಯ ವಾಸನೆ ಮೂಗಿಗೆ ಬಡಿಯಿತು. ಆ ಒಂದು ಉಸಿರಿನಲ್ಲಿ ನನಗೆ ಎಲ್ಲ ತಿಳಿದುಹೋಯಿತು. ರಟ್ಟು ಸೆಟೆದು ನಿಲ್ಲಲೆಂದು ಅವಳು ಅಂಟು ಹಾಕಿರಲಿಲ್ಲ, ವಾರ್ನಿಷ್ ಹಚ್ಚಿರಲಿಲ್ಲ. ನಮ್ಮ ಮನೆಗಳಲ್ಲಿ ತಲೆತಲಾಂತರದಿಂದ ಮಗ್ಗದ ಹಾಸಿನ ಉದ್ದೆಳೆಗಳಿಗೆ ಹಚ್ಚುವ ಗಂಜಿಯನ್ನೇ ಪದರು ಪದರಾಗಿ ಬಳಿದಿದ್ದಳು. ಬೇರೆ ಯಾವ ಮನೆಯ ಹೆಣ್ಣುಮಗಳೂ ಈ ತಪ್ಪು ಮಾಡುತ್ತಿರಲಿಲ್ಲ. ಸೆಟೆಸುವುದೆಂದರೆ ಗಂಜಿ ಎಂಬುದು ಮೈಗೆ ಹತ್ತಿದ ನಮ್ಮವರೇ ಮಾಡಬೇಕು. ಚಿಕ್ಕಂದಿನಲ್ಲಿ ಓಣಿಯುದ್ದಕ್ಕೂ ಹಾಸು ಚಾಚಿ ಗಂಜಿ ತೀಡುವಾಗ ಆಯಿ ಹೇಳುತ್ತಿದ್ದಳು: "ಗಂಜಿ ಅಂದ್ರ ನೂಲಿಗೆ ಬಂದ ಬೀಗರಿದ್ದಂಗ. ಮಗ್ಗದ ಮ್ಯಾಲ ಇರೂತನಕ ಉಪಚಾರ. ಒಂದ್ ಒಗತಕ್ಕ ಎದ್ದ ಹೋಗ್ತಾರ." ನೀರು ಕಂಡರೆ ಬಿಟ್ಟುಹೋಗಲಿ ಎಂದೇ ಮಾಡಿದ ಪದಾರ್ಥ ಅದು. ನಾಟಕದ ರಾಜನಿಗೆ ಬೆವರು ಬರುವುದಿಲ್ಲವೇ? ಮೇಲಾಗಿ ಭುಜದ ರೆಕ್ಕೆಗಳಿಗೆ ಒಂದೇ ಅಂಚಿನಲ್ಲಿ ದಾರ ಪೋಣಿಸಿದ್ದಳು. ಭಾರವೆಲ್ಲ ಅಲ್ಲೇ ತೂಗುತ್ತಿತ್ತು.

ಒಂದು ವಾರ ಸಮಯವಿತ್ತು. ಎರಡು ಮಾತು ಹೇಳಿದ್ದರೆ ಆಗುತ್ತಿತ್ತು. ನಾನು ಏನೆಂದೆ ಗೊತ್ತೇ? "ಭಾರಿ ಆಗೇತಿ ಬಿಡವಾ," ಎಂದೆ. ಎಂದು, ಎಲ್ಲರಿಗಿಂತ ಜೋರಾಗಿ ಕೈ ತಟ್ಟಿದೆ. ನನ್ನ ಕೋಳಿಯ ಸೇಡು ತೀರಿಸಿಕೊಂಡೆ. ಅದೂ ಹೇಗೆ, ಮೆಚ್ಚಿದವರ ಹಾಗೆ. ಬೈಗುಳದಲ್ಲಾದರೂ ಒಂದು ಮರ್ಯಾದೆ ಇರುತ್ತದೆ, ಇದರಲ್ಲಿ ಅದೂ ಇರಲಿಲ್ಲ. ಅವಳು ಎಷ್ಟು ನಿರಾಳವಾಗಿ ನಕ್ಕಳೆಂದರೆ, ಆ ನಗೆಯನ್ನು ನಾನು ಮನೆಯವರೆಗೂ ಹೊತ್ತುಕೊಂಡು ಹೋಗಬೇಕಾಯಿತು.

ಮುಂದಿನ ರವಿವಾರ ಮಧ್ಯಾಹ್ನ ಅಂತೂರ ಬೆಂತೂರಿನ ತಗಡಿನ ಶೆಡ್ಡಿನಲ್ಲಿ ತಾಲೀಮು. ಅವಳ ಜೊತೆ ನಾನೂ, ಝೆರಾಕ್ಸ್ ಯಜಮಾನರೂ ಬಸ್ಸಿನಲ್ಲಿ ಹೋದೆವು. ಯಜಮಾನರು ಬಳಗದ ಪ್ರತಿನಿಧಿಯಂತೆ ಇಸ್ತ್ರಿಯ ಅಂಗಿ ಹಾಕಿಕೊಂಡಿದ್ದರು. ನಾನು ಯಾಕೆ ಹೋದೆನೆಂದು ಕೇಳಿದರೆ ಹೇಳುವುದು ಕಷ್ಟ. ಕಲ್ಲು ಎಸೆದವನು ಹಣ್ಣು ಬೀಳುವುದನ್ನು ನೋಡಲು ನಿಲ್ಲುತ್ತಾನಲ್ಲ, ಹಾಗಿರಬೇಕು.

ರಾಜನ ಪಾತ್ರದವನು ದುಂಡಗಿನ ಆಳು, ಮುಂಜಾನೆಯಿಂದ ಹೊಲದಲ್ಲಿ ದುಡಿದು ನೇರವಾಗಿ ಬಂದಿದ್ದ. ಅವಳು ತಾನೇ ನಿಂತು ಕವಚ ಕಟ್ಟಿದಳು. ತಗಡಿನ ತೂತಿನಿಂದ ಬಿದ್ದ ಬಿಸಿಲು ರಟ್ಟಿನ ತೂತುಗಳಲ್ಲಿ ಆಡಿತು. ಖರೆ ಹೇಳುತ್ತೇನೆ, ರೈತ ಕಾಣಲಿಲ್ಲ, ರಾಜನೇ ಕಂಡ. ಯಜಮಾನರು ಪಟಪಟನೆ ಫೋಟೋ ತೆಗೆದು "ನಮ್ಮ ಬಳಗದ ಹೆಮ್ಮೆ" ಎಂದು ಗುಂಪಿಗೆ ಹಾಕಿದರು.

ಹೊಡೆದಾಟ ಸುರುವಾಯಿತು. ರಾಜ ಎರಡು ಸುತ್ತು ತಿರುಗಿದ, ಮೂರು ಸಲ ಗದರಿದ. ತಗಡಿನ ಕೆಳಗಿನ ಕಾವಿಗೆ ಬೆವರು ನೀರಾಗಿ ಇಳಿಯಿತು. ಮೊದಲು ಎದೆಯ ರಟ್ಟುಗಳು ಮೆತ್ತಗಾದವು. ಆಮೇಲೆ ಬಲಭುಜದ ರೆಕ್ಕೆ ನಿಧಾನವಾಗಿ ತಲೆ ಬಾಗಿಸಿತು. ಯಜಮಾನರ ಕೈಯಲ್ಲಿದ್ದ ಫೋನು ಟಿಂಗ್ ಎಂದಿತು: ಚಪ್ಪಾಳೆ. ಎಡಭುಜದ ರೆಕ್ಕೆ ಕಿತ್ತು ನೆಲಕ್ಕೆ ಬಿತ್ತು. ಟಿಂಗ್, ಟಿಂಗ್.

"ಅಕ್ಕಾರ," ಎಂದ ರಾಜ ಕತ್ತಿ ಇಳಿಸಿ, "ಎದಿ ಕವಚ ಹೊಟ್ಟಿಗೆ ಇಳದ್ ಬಂತಲ್ರಿ. ಇನ್ನೊಂದ್ ಗಳಿಗಿ ತಡದ್ರ ಮೊಣಕಾಲಿಗೆ ಬರ್ತೈತಿ."

"ರಾಜಾ ಹೊಟ್ಟಿ ಕಟಗೊಂಡ ಬಾಳಂತಿ ಆದಾ!" ಎಂದ ಸೇನಾಪತಿ. ಶೆಡ್ಡು ಬಿದ್ದುಬಿದ್ದು ನಕ್ಕಿತು. ಹೊರಗೆ ಕಟ್ಟಿದ್ದ ಆಡೊಂದು ಹಗ್ಗ ಜಗ್ಗಿಕೊಂಡು ಬಂದು, ನೆಲಕ್ಕೆ ಬಿದ್ದ ರೆಕ್ಕೆಯನ್ನು ಮೂಸಿ, ತಿರುವಿಹಾಕಿ, ಬೆನ್ನಿನ ಗಂಜಿಯನ್ನು ನೆಕ್ಕತೊಡಗಿತು. ಇಡೀ ಬಳಗದಲ್ಲಿ ಯಾರೂ ಮಾಡದ ಕೆಲಸವನ್ನು ಆ ಆಡು ಮಾಡಿತು. ಕವಚದ ಹಿಂಬದಿಯಲ್ಲಿ ಏನಿದೆ ಎಂದು ನೋಡಿತು. ಯಜಮಾನರ ಫೋನಿಗೆ ಇನ್ನೂ ಚಪ್ಪಾಳೆಗಳು ಬರುತ್ತಲೇ ಇದ್ದವು. ಅದನ್ನು ಸುಮ್ಮನಾಗಿಸುವ ಗುಂಡಿ ಅವರಿಗೆ ಸಿಗಲಿಲ್ಲ.

ಮಾಸ್ತರ ನಗಲಿಲ್ಲ. ಮೆತ್ತಗಾದ ಒಂದು ರಟ್ಟನ್ನು ಬೆರಳಲ್ಲಿ ಹಿಚುಕಿ ನೋಡಿದ. "ತಂಗೀ, ಮಾಟ ಚಂದೈತಿ. ಆದ್ರ ನನಗ ಒಂದ್ ಗಳಿಗಿ ನಿಂದರೂ ರಾಜಾ ಬ್ಯಾಡ. ನಾ ಗುರುವಾರ ಡ್ರೆಸ್ಸಿನವ್ರಿಗೆ ಫೋನ್ ಮಾಡಾಂವ. ಅದರೊಳಗ ಇದನ್ನ ನಿಲ್ಲಿಸಿ ತಂದ್ರ ತಾ."

ತಿರುಗಿ ಬರುವ ಬಸ್ಸಿನಲ್ಲಿ ಯಜಮಾನರು, "ಬೇಜಾರ ಮಾಡ್ಕೋಬ್ಯಾಡ್ರಿ ಮೇಡಂ, ಫೋಟೋ ಮಸ್ತ ಬಂದಾವು," ಎಂದು ಸಮಾಧಾನ ಹೇಳಿದರು.

ಮರುದಿನ ಸಂಜೆ ಅವಳು ನಮ್ಮ ಮನೆಗೆ ಬಂದಳು. ಚಾದರ ಬಿಚ್ಚಿ, ಕವಚವನ್ನು ನನ್ನ ಮುಂದೆ ಹೊರಸಿನ ಮೇಲೆ ಡಬ್ಬು ಹಾಕಿದಳು. ಕುಂಡ್ರು ಎಂದರೂ ಕೂರಲಿಲ್ಲ.

"ಕಾಕಾ, ನೀವ್ ಅವತ್ತ ಒಳಗ ಇಣಿಕಿ ನೋಡಿದ್ರಿ. ನಿಮಗ ಗೊತ್ತಾಗಿತ್ತು, ಹೌದಲ್ರಿ?"

"ಹೌದು."

"ಮತ್ತ ಯಾಕ ಅನ್ನಲಿಲ್ರಿ?"

ಐವತ್ತೈದು ವರ್ಷದ ಗಂಡಸಿಗೆ ಈ ಪ್ರಶ್ನೆಗೆ ಉತ್ತರ ಹೇಳುವುದಕ್ಕಿಂತ ಆ ಕವಚ ತೊಟ್ಟು ಸಂತೆಯಲ್ಲಿ ತಿರುಗುವುದು ಸುಲಭ. ಆದರೂ ಹೇಳಿದೆ. "ನೀ ಕೋಳಿ ಜಾರತೈತಿ ಅಂದಿದ್ದಿಯಲ್ಲಾ, ಸಿಟ್ಟ ಬಂದಿತ್ತು."

ಅವಳು ಬಾಯಿ ಮೇಲೆ ಕೈ ಇಟ್ಟುಕೊಂಡಳು. "ಜಾರತಿತ್ತು, ಜಾರತೈತಿ ಅಂದೆ! ಅಷ್ಟಕ್ಕ ನನ್ನ ರಾಜನ್ನ ಊರ ಮುಂದ ಬಾಳಂತಿ ಮಾಡಿದ್ರೇನ್ರಿ? ಒಂದ್ ಕೋಳಿ ಸಲುವಾಗಿ?"

ಒಳಗಿನಿಂದ ಹೆಂಡತಿ ಹೇಳಿದಳು, "ಯವ್ವಾ, ಆ ಕೋಳಿ ನಮ್ಮ ಮನ್ಯಾಗ ದೇವರ ಮ್ಯಾಲಿಂದೈತಿ. ನೀ ಬೈ, ಇನ್ನೂ ಎರಡ್ ಬೈ. ನಾ ಚಾ ಇಡ್ತೇನಿ."

ಬೈಸಿಕೊಂಡೆ. ಬೈಸಿಕೊಂಡ ಮೇಲೆ ಕವಚದ ಬೆನ್ನಿನ ಮೇಲೆ ಅಂಗೈ ಇಟ್ಟೆ. ಎಷ್ಟೋ ವರ್ಷಗಳ ಮೇಲೆ ಆ ಕೆಲಸ ಮಾಡಿದ್ದು; ಕೈಗೆ ತಾನಾಗಿ ದಾರಿ ಗೊತ್ತಿತ್ತು. ಗಂಜಿಯ ಮಾತು ಹೇಳಿದೆ, ಬೀಗರ ಮಾತು ಹೇಳಿದೆ. ಅವಳು ತಲೆ ಬಡಿದುಕೊಂಡಳು. "ಅಯ್ಯ, ಮೊದಲ ಒಗತಕ್ಕ ಗಂಜಿ ಹೋಗ್ತೈತಿ ಅಂತ ದಿನಾ ಜಂಪರ ಕೊಡೂ ಮುಂದ ನಾನ ಎಲ್ಲಾರಿಗೂ ಹೇಳ್ತೇನ್ರಿ!" ರೆಕ್ಕೆಯ ದಾರ ಒಂದೇ ಅಂಚಿಗಿದೆ ಎಂದೆ. ಬಗಲಲ್ಲಿ ರಟ್ಟು ಒಂದರ ಮೇಲೊಂದು ಕೂತು ಕೈ ಎತ್ತಲು ಬರುವುದಿಲ್ಲ ಎಂದೆ. ಅವಳು ಸೀಮೆಸುಣ್ಣದಲ್ಲಿ ಗುರುತು ಹಾಕುತ್ತ ಹೋದಳು. ಎರಡನೆಯ ಚಹಾದ ಹೊತ್ತಿಗೆ ಕವಚದ ಬೆನ್ನೆಲ್ಲ ಬೆಳ್ಳಗಾಗಿತ್ತು. ಆದರೆ ಬಳಗದ ಅಷ್ಟೂ ಚಪ್ಪಾಳೆಗೆ ಬಾರದ ಕಳೆ ಅವಳ ಮುಖದ ಮೇಲೆ ಆಗ ಬಂತು.

ಮರುದಿನ ನಾನು ಕಚೇರಿಗೆ ರಜೆ ಹಾಕಿ ಅವಳ ಮನೆಗೆ ಹೋದೆ. ರಟ್ಟುಗಳ ಒಳಮೈಗೆ ಹಳೆಯ ಧೋತರದ ಅಸ್ತರ ಕೊಟ್ಟು ಬಡಿಗೇರರ ಅಂಟು ಹಚ್ಚಿದೆವು. ಮೇಲೆ ಎರಡು ಪದರು ವಾರ್ನಿಷ್. ಗೋಡೆಗೊರಗಿ ಕುಳಿತಿದ್ದ ಅವಳ ಅಪ್ಪ, "ಒಲಿಗೆ ಹಾಕೂ ರಟ್ಟಿಗೆ ಅಸ್ತರ ಬ್ಯಾರೆ!" ಎಂದು ಗೊಣಗುತ್ತಿದ್ದ. ರೆಕ್ಕೆಗೆ ಎರಡೂ ಅಂಚಿನಲ್ಲಿ ದಾರ ಪೋಣಿಸುವಾಗ ನಾನು ಒಂದು ಗಂಟು ಹಾಕಿದೆ. ಅವನು ಎದ್ದು ಬಂದು, ನನ್ನನ್ನು ಮೊಣಕೈಯಿಂದ ಸರಿಸಿ, ಆ ಗಂಟು ಬಿಚ್ಚಿದ. "ಗುಮಾಸ್ತಗ ಗಂಟ ಹಾಕಾಕ ಕೊಟ್ರ ಇನ್ನೇನಾಗತೈತಿ," ಎಂದು ನೇಕಾರರ ಗಂಟು ಹಾಕಿ ಹಲ್ಲಿನಿಂದ ದಾರ ಕಡಿದ. ಆಮೇಲೆ ಒಂದೊಂದಾಗಿ ಎಲ್ಲ ಗಂಟುಗಳನ್ನೂ ಅವನೇ ಹಾಕಿದ. ಬೈಗುಳ ಮಾತ್ರ ನಿಲ್ಲಲಿಲ್ಲ.

ಬುಧವಾರ ಮಧ್ಯಾಹ್ನ ಅರ್ಧ ದಿನ ಬಿಡುವು ಮಾಡಿಕೊಂಡು ನಾನೂ ಅವಳೂ ಮತ್ತೆ ಅಂತೂರ ಬೆಂತೂರಿಗೆ ಹೋದೆವು. ಯಜಮಾನರಿಗೆ ಹೇಳಿರಲಿಲ್ಲ. ಮಾಸ್ತರ ರಾಜನನ್ನು ಹೊಲದಿಂದ ಕರೆಸಿದ. ಕವಚ ಕಟ್ಟಿಸಿ, ಒಂದು ಕೊಡ ನೀರು ತರಿಸಿ, ಮಾತಿಲ್ಲದೆ ರಾಜನ ತಲೆಯ ಮೇಲಿಂದ ಸುರಿದ. "ಏ ಮಾಸ್ತರ, ಪಟ್ಟಾಭಿಷೇಕ ಕಡೀ ಸೀನಿನ್ಯಾಗ ಐತ್ಯೋ!" ಎಂದು ರಾಜ ಕೂಗಿದ. ಮಾಸ್ತರ ಹೊಡೆದಾಟ ಪೂರ್ತಿ ಆಡಿಸಿದ, ಬೀಳುವ ಕಡೆ ಎರಡೆರಡು ಸಲ ಬೀಳಿಸಿದ. ಸೊಂಟಕ್ಕೆ ಕಟ್ಟುವ ಒಂದು ಕಸಿ ದಾರ ಹರಿಯಿತು. ರೆಕ್ಕೆಗಳು ಅಲುಗಿದವು, ಬಾಗಲಿಲ್ಲ. ಅವಳು ಕಂಬ ಹಿಡಿದು ನಿಂತಿದ್ದಳು.

ಆಡು ಅಲ್ಲೇ ಇತ್ತು. ರಾಜನ ಬೆನ್ನ ಹಿಂದೆ ಬಂದು ಮೂಸಿತು. ವಾರ್ನಿಷ್ ವಾಸನೆಗೆ ಸೀನಿ ಹೊರಟುಹೋಯಿತು.

ಮಾಸ್ತರ ಕವಚ ಬಿಚ್ಚಿಸಿ ತೊಡೆಯ ಮೇಲೆ ಡಬ್ಬು ಹಾಕಿಕೊಂಡ. ಅಸ್ತರದ ಮೇಲೆ ಅಂಗೈ ಆಡಿಸಿದ. ಗಂಟುಗಳ ಮೇಲೆ ಒಂದು ಗಳಿಗೆ ಕೈ ತಡೆದ. ಆಮೇಲೆ ಹಿಂದೆ ನಿಂತಿದ್ದವನಿಗೆ, "ಇದನ್ನ ಪೆಟ್ಟಿಗ್ಯಾಗಿಡು. ಆ ಕಸಿ ಹೊಸಾದ ಹಾಕಸು," ಎಂದ. ಡ್ರೆಸ್ಸಿನವರಿಗೆ ಮಾಡಬೇಕಿದ್ದ ಫೋನಿನ ಮಾತು ಯಾರೂ ಎತ್ತಲಿಲ್ಲ. ಅವಳು ಮಾತ್ರ ಮಾಸ್ತರನಿಗೆ, "ನಮ್ಮಪ್ಪಗ ಮುಂದಿನ ಸಾಲಿನ್ಯಾಗ ಒಂದ್ ಜಾಗಾ ಇಡ್ರಿ. ನೆಟ್ಟಗ ಕಾಣೂದಿಲ್ಲ ಅವಗ," ಎಂದಳು.

ಗದಗಿಗೆ ಬರುವ ಬಸ್ಸಿನಲ್ಲಿ ನನಗೆ ಕಿಡಿಗೇಡಿತನ ಹೊಳೆಯಿತು. ಹೊರಡುವ ಮುಂಚೆ ಕವಚದ ಬೆನ್ನಿನ ಫೋಟೋ ತೆಗೆದುಕೊಂಡಿದ್ದೆ. ಧೋತರದ ಮಾಸಿದ ಅಂಚು, ಅಂಟಿನ ಕಲೆ, ಗಂಟುಗಳು. ಅದನ್ನು ಬಳಗಕ್ಕೆ ಹಾಕಿ, "ತಪ್ಪಿದ್ದರೆ ತಿಳಿಸಿ" ಎಂದು ಬರೆದೆ. ಬಸ್ಸು ಮುಂದಿನ ನಿಲ್ದಾಣ ಮುಟ್ಟುವುದರೊಳಗೆ ಹದಿನಾಲ್ಕು ಚಪ್ಪಾಳೆ. "ಅದ್ಭುತ ಅಮೂರ್ತ ಕಲೆ" ಎಂದು ಒಬ್ಬರು. ಅದಾದ ಮೇಲೆ ಯಜಮಾನರ ಸೂಚನೆ ಬಂತು: ಇನ್ನು ಮುಂದೆ ಸದಸ್ಯರು ಕಲಾಕೃತಿಯ ಮುಂಭಾಗದ ಫೋಟೋ ಮಾತ್ರ ಹಾಕತಕ್ಕದ್ದು.

ಅವಳಿಗೆ ತೋರಿಸಿದೆ. ಓದಿ ನಗುನಗುತ್ತ ಫೋನನ್ನು ಕೈಯಲ್ಲೇ ಇಟ್ಟುಕೊಂಡಳು. "ಎಲ್ಲಿ, ನಿಮ್ಮ ಕೋಳಿ ತಗೀರಿ ನೋಡೂಣು."

ಮಂಗಳವಾರ, ಬುಧವಾರ ಎರಡೂ ಮುಂಜಾನೆ ನಾಲ್ಕಕ್ಕೆದ್ದು ನಾನು ಅದರ ಕಾಲು ತಿದ್ದಿದ್ದೆ. ಅವಳಿಗೆ ಹೇಳಿರಲಿಲ್ಲ. ತೆಗೆದುಕೊಟ್ಟೆ. ಕೋಳಿ ನಡೆಯಿತು, ನಿಂತಿತು, ತಿರುಗಿ ನೋಡಿತು. ಅವಳು ಫೋನನ್ನು ಕಣ್ಣಿಗೆ ಹತ್ತಿರ ಹಿಡಿದು ಮೂರು ಸಲ ನೋಡಿದಳು.

"ಬಲಗಾಲು ಈಗ ನೆಲಾ ಹಿಡದೈತಿ ಕಾಕಾ," ಎಂದಳು. "ಎಡಗಾಲು ಇನ್ನೂ ಜಾರತೈತಿ."